ಎಂ.ಎಸ್.ಡಬ್ಲ್ಯು. ಆದ್ಮೇಲೆ ಮಾನಸಿಕ ಆರೋಗ್ಯದ ದಾರಿ: ಏನು ಓದಬೇಕು, ಏನು ಕಲಿಸುತ್ತಾರೆ

ಎಂ.ಎಸ್.ಡಬ್ಲ್ಯು., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ, ಕೊನೆಯ ಸೆಮಿಸ್ಟರ್‌ಗೆ ಬಂದವರು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. ಮೆಂಟಲ್ ಹೆಲ್ತ್ ಕಡೆ ಹೋಗೋ ಆಸೆ ಇದೆ, ಮುಂದೆ ಏನು ಓದಲಿ? ಕೆಲವರು ಆನ್‌ಲೈನ್‌ನಲ್ಲಿ ಸಿಗುವ ಮೂರು ತಿಂಗಳ ಕೌನ್ಸೆಲಿಂಗ್ ಸರ್ಟಿಫಿಕೇಟ್ ನೋಡಿಟ್ಟುಕೊಂಡಿರುತ್ತಾರೆ. ಇನ್ನು ಕೆಲವರು ಮತ್ತೊಂದು ಎಂ.ಎಸ್ಸಿ. ಸೈಕಾಲಜಿ ಮಾಡಿಬಿಡೋಣ ಅಂದುಕೊಂಡಿರುತ್ತಾರೆ. ನಿಮ್ಹಾನ್ಸ್ ಹೆಸರು ಎಲ್ಲರಿಗೂ ಗೊತ್ತು. ಆದರೆ ಅಲ್ಲಿ ಸಮಾಜಕಾರ್ಯ ಓದಿದವರಿಗೆ ಏನು ಕೆಲಸ ಅಂತ ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ. ಈ ಕ್ಷೇತ್ರದಲ್ಲಿ ಪದವಿಯ ಹೆಸರಿಗಿಂತ ನೀವು ಯಾರ ಮೇಲ್ವಿಚಾರಣೆಯಲ್ಲಿ, ಎಷ್ಟು ಕಾಲ, ಎಂಥ ರೋಗಿಗಳ ಮತ್ತು ಎಂಥ ಮನೆಗಳ ಜೊತೆ ಕೂತು ಕಲಿತಿರಿ ಅನ್ನೋದು ದೊಡ್ಡದು. ಕಾನೂನು ಕೂಡ ಇದನ್ನೇ ಕೇಳುತ್ತದೆ. ಇದು ತಲೆಯಲ್ಲಿದ್ದರೆ ಯಾವ ಕೋರ್ಸು, ಯಾವ ಕಾಲೇಜು ಅನ್ನೋ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಮಾನಸಿಕ ಕಾಯಿಲೆಯ ಚಿಕಿತ್ಸೆಯಲ್ಲಿ ನಾಲ್ಕು ಥರದ ಜನ ಇರುತ್ತಾರೆ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ನಂತರ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರು. ರೋಗ ಗುರುತಿಸಿ ಮಾತ್ರೆ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮನಃಶಾಸ್ತ್ರದ ಕಡೆಯಿಂದ ಬರುತ್ತಾರೆ, ಪರೀಕ್ಷೆಗಳನ್ನು ಮಾಡುತ್ತಾರೆ, ಥೆರಪಿ ಕೊಡುತ್ತಾರೆ. ಮನೋವೈದ್ಯಕೀಯ ನರ್ಸ್ ಹಗಲು ರಾತ್ರಿ ರೋಗಿಯ ಹತ್ತಿರ ಇರುವವರು. ನಾಲ್ಕನೆಯವರೇ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್, ಆಸ್ಪತ್ರೆಯವರು ಚಿಕ್ಕದಾಗಿ ಪಿಎಸ್‌ಡಬ್ಲ್ಯು ಅನ್ನುತ್ತಾರೆ. ಎಂ.ಎಸ್.ಡಬ್ಲ್ಯು. ಮುಗಿಸಿದವರ ದಾರಿ ಇದು.

ಈ ನಾಲ್ಕನೆಯವರು ಏನು ಮಾಡುತ್ತಾರೆ ಅನ್ನೋದನ್ನು ಒಂದು ಮನೆಯ ಮೂಲಕ ನೋಡೋಣ. ಮನೆ ನಾನು ಕಟ್ಟಿದ್ದು, ಆದರೆ ಇಂಥ ಮನೆಗಳು ನಮ್ಮ ಎಲ್ಲ ಜಿಲ್ಲೆಗಳಲ್ಲೂ ಇವೆ.

ಹಿರಿಯೂರು ಕಡೆಯ ಒಂದು ಹಳ್ಳಿ. ಇಪ್ಪತ್ನಾಲ್ಕು ವರ್ಷದ ಹುಡುಗ. ಒಂದೆರಡು ವರ್ಷದಿಂದ ಯಾರ ಜೊತೆಗೂ ಮಾತಿಲ್ಲ, ಒಬ್ಬನೇ ಗೊಣಗುತ್ತಾನೆ, ಪಕ್ಕದ ಮನೆಯವರು ತನ್ನ ಮೇಲೆ ಏನೋ ಮಾಡಿಸಿದ್ದಾರೆ ಅಂತ ರಾತ್ರಿ ಹೊತ್ತು ಹೊರಗೆ ಹೋಗಿ ಕೂಗುತ್ತಾನೆ. ದೇವರು, ದರ್ಗಾ, ತಾಯತ ಎಲ್ಲ ಆಯಿತು. ಕೊನೆಗೆ ಆಸ್ಪತ್ರೆ. ಡಾಕ್ಟರು ಸ್ಕಿಜೋಫ್ರೇನಿಯಾ ಅಂದರು, ಮಾತ್ರೆ ಕೊಟ್ಟರು, ಆರು ವಾರದಲ್ಲಿ ಹುಡುಗ ಸುಮಾರು ಚೆನ್ನಾಗಿಯೇ ಆದ. ಮನೆಗೆ ಹೋದ. ನಾಲ್ಕು ತಿಂಗಳಿಗೆ ಮತ್ತೆ ಅದೇ ಸ್ಥಿತಿಯಲ್ಲಿ ಬಂದ. ಮಾತ್ರೆ ನಿಲ್ಲಿಸಿದ್ದಾನೆ ಅಂತ ಫೈಲಿನಲ್ಲಿ ಒಂದು ಸಾಲು ಬರೆಯಬಹುದು. ಯಾಕೆ ನಿಲ್ಲಿಸಿದ?

ಪಿಎಸ್‌ಡಬ್ಲ್ಯು ಕೆಲಸ ಆ 'ಯಾಕೆ'ಯಿಂದ ಶುರು. ಅಮ್ಮನನ್ನು ಬೇರೆ ಕೂರಿಸಿಕೊಂಡು ಕೇಳಿದರೆ ಒಂದೊಂದೇ ಹೊರಬರುತ್ತದೆ. ಮಾತ್ರೆ ತಿಂದರೆ ಹಗಲೆಲ್ಲ ನಿದ್ದೆ, ಹೊಲದ ಕೆಲಸಕ್ಕೆ ಆಗಲ್ಲ. ಕೂತು ತಿನ್ನುತ್ತಾನೆ ಅಂತ ಅಣ್ಣನ ಬೈಗುಳ. ಅಣ್ಣನಿಗೂ ಅವನದೇ ಕಷ್ಟ, ಬೋರ್‌ವೆಲ್ ಸಾಲ ತಲೆ ಮೇಲಿದೆ. ಮಾತ್ರೆ ಕೊಡೋದು ಅಮ್ಮ, ಆದರೆ ಆಕೆಗೆ ಓದಲು ಬರಲ್ಲ, ಬಣ್ಣ ನೋಡಿ ಕೊಡುತ್ತಿದ್ದರು. ಒಂದು ಸಲ ಮಾತ್ರೆಯ ಕಂಪನಿ ಬದಲಾಗಿ ಬಣ್ಣವೂ ಬದಲಾಯಿತು, ಆಕೆ ಹೆದರಿ ಕೊಡೋದನ್ನೇ ಬಿಟ್ಟರು. ಇದರ ಮಧ್ಯೆ ಮದುವೆ ಮಾಡಿದರೆ ಸರಿ ಹೋಗುತ್ತಾನೆ ಅಂತ ನೆಂಟರು ಹೆಣ್ಣು ನೋಡುತ್ತಿದ್ದಾರೆ.

ಇದರಲ್ಲಿ ಯಾವುದೂ ರಕ್ತ ಪರೀಕ್ಷೆಯಲ್ಲಿ ಕಾಣಲ್ಲ. ಆದರೆ ಹುಡುಗ ವಾಪಸ್ ಬರಲು ಇವೇ ಕಾರಣ.

ಈಗ ಮಾಡಬೇಕಾದ ಕೆಲಸ ನೋಡಿ. ನಿದ್ದೆಯ ವಿಷಯ ಡಾಕ್ಟರಿಗೆ ತಿಳಿಸಿ ಡೋಸ್ ಅಥವಾ ಹೊತ್ತು ಬದಲಾಯಿಸಬಹುದಾ ಕೇಳಬೇಕು. ಅಣ್ಣನನ್ನು ಕರೆಸಿ, ಇದು ಸೋಮಾರಿತನ ಅಲ್ಲ, ಕಾಯಿಲೆಯದೇ ಒಂದು ಲಕ್ಷಣ ಅಂತ ಅವನಿಗೆ ನಾಟುವ ಹಾಗೆ ಹೇಳಬೇಕು, ಅವನ ಸಾಲದ ಮಾತನ್ನೂ ಅಷ್ಟೇ ತಾಳ್ಮೆಯಿಂದ ಕೇಳಬೇಕು. ಬೆಳಿಗ್ಗೆಯದು ಯಾವುದು, ರಾತ್ರಿಯದು ಯಾವುದು ಅಂತ ಅಮ್ಮನಿಗೆ ಗೊತ್ತಾಗುವಂತೆ ಪೊಟ್ಟಣಗಳ ಮೇಲೆ ಸೂರ್ಯ, ಚಂದ್ರನ ಚಿತ್ರ ಬರೆದುಕೊಡಬೇಕು. ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಪರಿಚಯ ಮಾಡಿಕೊಳ್ಳಬೇಕು. ಮದುವೆ ಮಾತು ಬಂದಾಗ ಹೆಣ್ಣಿನ ಕಡೆಯವರಿಗೆ ಕಾಯಿಲೆ ಮುಚ್ಚಿಟ್ಟರೆ ಏನಾಗುತ್ತದೆ ಅಂತ ನೇರವಾಗಿ ಮಾತಾಡಬೇಕು. ಕಾಯಿಲೆ ತುಂಬಾ ದಿನ ಉಳಿದರೆ ಅಂಗವಿಕಲತೆಯ ಪ್ರಮಾಣಪತ್ರದ ದಾರಿ ತೋರಿಸಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಇರುವ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಅದನ್ನು ಅಳೆಯಲು ಐಡಿಯಾಸ್ ಅನ್ನೋ ಭಾರತದ್ದೇ ಮಾಪಕ ಇದೆ. ತನ್ನನ್ನು ತಾನು ನೋಡಿಕೊಳ್ಳುವುದು, ಜನರ ಜೊತೆ ಬೆರೆಯುವುದು, ಮಾತು ಮತ್ತು ತಿಳಿವಳಿಕೆ, ದುಡಿಮೆ, ಈ ನಾಲ್ಕಕ್ಕೂ ಅಂಕ ಕೊಟ್ಟು, ಕಾಯಿಲೆ ಎಷ್ಟು ಕಾಲದಿಂದ ಇದೆ ಅನ್ನೋದನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಇಂಥದ್ದೊಂದು ಇದೆ ಅಂತಲೇ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಇದು ನನಗೆ ಬಹಳ ನೋವಿನ ಸಂಗತಿ.

ಇಷ್ಟನ್ನೂ ಒಳ್ಳೆ ಮನಸ್ಸಿದ್ದರೆ ಯಾರಾದರೂ ಮಾಡಬಹುದು ಅಲ್ವಾ, ಇದಕ್ಕೆ ಓದು ಯಾಕೆ ಅಂತ ಕೇಳಬಹುದು. ಒಳ್ಳೆ ಮನಸ್ಸು ಬೇಕೇ ಬೇಕು. ಆದರೆ ಅಷ್ಟರಿಂದಲೇ ಆಗಲ್ಲ.

ಒಂದು ಉದಾಹರಣೆ. 1950ರ ದಶಕದಲ್ಲಿ ಲಂಡನ್‌ನಲ್ಲಿ ಜಾರ್ಜ್ ಬ್ರೌನ್ ಮತ್ತು ಜೊತೆಗಾರರು ಮನೋರೋಗ ಆಸ್ಪತ್ರೆಯಿಂದ ಬಿಡುಗಡೆಯಾದ ಗಂಡಸರು ಆಮೇಲೆ ಏನಾದರು ಅಂತ ಹಿಂಬಾಲಿಸಿ ನೋಡಿದರು. ಅಪ್ಪ ಅಮ್ಮನ ಮನೆಗೆ ಅಥವಾ ಹೆಂಡತಿ ಇರುವ ಮನೆಗೆ ಹೋದವರು, ಬಾಡಿಗೆ ಕೋಣೆಗೋ ಅಣ್ಣ ತಮ್ಮಂದಿರ ಮನೆಗೋ ಹೋದವರಿಗಿಂತ ಹೆಚ್ಚಾಗಿ ಮತ್ತೆ ಕಾಯಿಲೆ ಬಿದ್ದಿದ್ದರು. ಮುಂದಿನ ಅಧ್ಯಯನಗಳಲ್ಲಿ ಕಾರಣ ಬಿಡಿಸಿಕೊಂಡಿತು. ಸದಾ ತಪ್ಪು ಹುಡುಕುವುದು, ಸಿಡುಕು, ಮತ್ತು ಉಸಿರುಗಟ್ಟಿಸುವಷ್ಟು ಕಾಳಜಿ, ಇವು ಜಾಸ್ತಿ ಇರುವ ಮನೆಯಲ್ಲಿ ಕಾಯಿಲೆ ಹೆಚ್ಚಾಗಿ ಮರುಕಳಿಸುತ್ತದೆ. 1980ರ ದಶಕದಲ್ಲಿ ಚಂಡೀಗಢದಲ್ಲಿ ಇದೇ ಅಧ್ಯಯನ ನಡೆದಾಗ ನಮ್ಮ ಕುಟುಂಬಗಳಲ್ಲಿ ಇಂಥ ಸಿಡುಕು ಲಂಡನ್‌ಗಿಂತ ಕಡಿಮೆ ಕಂಡಿತು. ಹಾಗಂತ ನಮ್ಮ ಮನೆಗಳೆಲ್ಲ ಚೆನ್ನಾಗಿವೆ ಅಂತ ಬೆನ್ನು ತಟ್ಟಿಕೊಳ್ಳೋ ಹಾಗಿಲ್ಲ, ಯಾಕೆಂದರೆ ಸಾಲ, ಜಾಗದ ಜಗಳ, ನೋಡಿಕೊಳ್ಳುವ ಹೆಂಗಸರ ಸುಸ್ತು, ಇವೆಲ್ಲ ಇಲ್ಲಿ ಬೇರೆಯದೇ ಭಾರ ಹಾಕುತ್ತವೆ. ತರಬೇತಿ ಪಡೆದವರು ಅಣ್ಣನ ಮಾತನ್ನು ಕೇಳುವಾಗ ಅವನು ಏನು ಹೇಳಿದ ಅನ್ನೋದರ ಜೊತೆಗೆ ಎಂಥ ದನಿಯಲ್ಲಿ ಹೇಳಿದ, ತಮ್ಮನ ಹೆಸರು ಹಿಡಿದು ಕರೆದನಾ ಅಥವಾ 'ಇವನು' ಅಂದನಾ ಅಂತಲೂ ಗಮನಿಸುತ್ತಾರೆ. ಇದು ಪುಸ್ತಕ ಓದಿ ಬರಲ್ಲ. ಕೇಳಿಸಿಕೊಂಡದ್ದನ್ನು ಬರೆದು, ಹಿರಿಯರ ಮುಂದೆ ಇಟ್ಟು, ಅವರು ತಿದ್ದಿ, ಮತ್ತೆ ಹೋಗಿ ಕೇಳಿ, ಹಾಗೆ ಬರುತ್ತದೆ.

ಎಂ.ಎಸ್.ಡಬ್ಲ್ಯು. ಅಂದರೆ ಎರಡು ವರ್ಷ. ಕರ್ನಾಟಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಇದೆ. ಮಂಗಳೂರಿನ ರೋಶನಿ ನಿಲಯ 1960ರಿಂದಲೇ ಸಮಾಜಕಾರ್ಯ ಕಲಿಸುವ ಕೆಲಸದಲ್ಲಿದೆ. ತರಗತಿಯ ಜೊತೆ ಫೀಲ್ಡ್ ವರ್ಕ್ ಕಡ್ಡಾಯ. ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ಅನ್ನೋ ವಿಶೇಷ ವಿಷಯ ಇರುವ ಕಡೆ ಆಸ್ಪತ್ರೆಯಲ್ಲೇ ಫೀಲ್ಡ್ ವರ್ಕ್ ಸಿಗುತ್ತದೆ. ಇದು ಅಡಿಪಾಯ ಮಾತ್ರ.

ಅದರ ಮೇಲಿನದು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ನಲ್ಲಿ ಎಂ.ಫಿಲ್. ಹೆಸರು ಎಂ.ಫಿಲ್ ಆದರೂ ಬೇರೆ ವಿಷಯಗಳ ಎಂ.ಫಿಲ್‌ನಂತೆ ಲೈಬ್ರರಿಯಲ್ಲಿ ಕೂತು ಪ್ರಬಂಧ ಬರೆಯುವ ಓದಲ್ಲ ಇದು. ಎರಡು ವರ್ಷ ಪೂರ್ತಿ ಆಸ್ಪತ್ರೆಯಲ್ಲೇ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಹೊರಗೆ ರಾಂಚಿಯ ಕೇಂದ್ರೀಯ ಮನೋವೈದ್ಯ ಸಂಸ್ಥೆ, ಅಸ್ಸಾಮಿನ ತೇಜ್‌ಪುರದ ಸಂಸ್ಥೆ, ಇವು ಈ ತರಬೇತಿಗೆ ಹೆಸರಾದ ಜಾಗಗಳು. ಪ್ರವೇಶ ಪರೀಕ್ಷೆ ಇರುತ್ತದೆ, ಸೀಟು ಕಡಿಮೆ, ಸ್ಪರ್ಧೆ ಜಾಸ್ತಿ.

ಒಳಗೆ ಹೋದ ಮೇಲೆ ದಿನ ಹೇಗಿರುತ್ತದೆ? ಬೆಳಿಗ್ಗೆ ಓಪಿಡಿ. ಹೊಸ ರೋಗಿ ಬಂದರೆ ಕೇಸ್ ವರ್ಕಪ್ ನಿಮ್ಮದು. ಯಾರು ಮಾಹಿತಿ ಕೊಡುತ್ತಿದ್ದಾರೆ, ಅವರು ಎಷ್ಟು ದಿನದಿಂದ ರೋಗಿಯ ಜೊತೆ ಇದ್ದಾರೆ, ಅವರ ಮಾತು ಎಷ್ಟು ನಂಬಬಹುದು ಅನ್ನೋದರಿಂದ ಆರಂಭ. ಆಮೇಲೆ ಜೀನೋಗ್ರಾಮ್, ಅಂದರೆ ಮೂರು ತಲೆಮಾರಿನ ಕುಟುಂಬದ ಚಿತ್ರ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ತೀರಿಕೊಂಡವರ ಮೇಲೆ ಗುಣಿಸು ಗುರುತು, ಜಗಳ ಇರುವವರ ಮಧ್ಯೆ ಅಂಕುಡೊಂಕು ಗೆರೆ. ಅರ್ಧ ಗಂಟೆ ಕೂತು ಇದನ್ನು ಬರೆಯುವಾಗಲೇ ಎಷ್ಟೋ ಸಲ ಮುಚ್ಚಿಟ್ಟದ್ದು ಹೊರಬರುತ್ತದೆ. ಸೋದರಮಾವ ಯಾವಾಗ ತೀರಿಕೊಂಡರು ಅಂತ ಕೇಳಿದಾಗ ಅಮ್ಮ ಒಂದು ಗಳಿಗೆ ತಡೆದು, ಬಾವಿಗೆ ಬಿದ್ದರು ಅಂತ ಹೇಳುತ್ತಾರೆ. ಅಲ್ಲಿ ಪೆನ್ನು ನಿಲ್ಲಿಸಿ ಸುಮ್ನೆ ಕೂರಬೇಕು ಅನ್ನೋದನ್ನೂ ಕಲಿಯಬೇಕು.

ವಾರ್ಡಿನಲ್ಲಿ ಕುಟುಂಬದವರ ಗುಂಪು ಸಭೆ ನಡೆಸುತ್ತೀರಿ. ಮಕ್ಕಳ ವಿಭಾಗ, ವ್ಯಸನ ಬಿಡಿಸುವ ವಿಭಾಗ, ಪುನರ್ವಸತಿ ವಿಭಾಗ, ಸಮುದಾಯ ಶಿಬಿರ, ಒಂದಾದ ಮೇಲೊಂದು ಸುತ್ತು ಬರುತ್ತವೆ. ರೋಗಿಗಳ ಮನೆಗೆ ಹೋಗುತ್ತೀರಿ. ನಡುವೆ ಒಂದು ಸಣ್ಣ ಸಂಶೋಧನೆಯನ್ನೂ ಮುಗಿಸಬೇಕು. ಇದೆಲ್ಲದರ ಬೆನ್ನೆಲುಬು ಅಂದರೆ ಸೂಪರ್‌ವಿಷನ್. ನೀವು ರೋಗಿಯ ಜೊತೆ ಆಡಿದ ಮಾತನ್ನು ಹಿರಿಯರ ಮುಂದೆ ಹೇಳಬೇಕು. ಇಲ್ಲಿ ಯಾಕೆ ಬುದ್ಧಿವಾದ ಹೇಳಲು ಹೋದಿರಿ, ಅಲ್ಲಿ ಆಕೆ ಅಳುವಾಗ ಯಾಕೆ ಮಾತು ಬದಲಾಯಿಸಿದಿರಿ ಅಂತ ಅವರು ಕೇಳುತ್ತಾರೆ. ಮೊದಮೊದಲು ಬೇಜಾರಾಗುತ್ತದೆ. ಆದರೆ ಇದಿಲ್ಲದ ಕೋರ್ಸ್ ಎಷ್ಟು ಚೆನ್ನಾಗಿ ಕಂಡರೂ ಅದರ ಮೇಲೆ ದುಡ್ಡು ಹಾಕಬೇಡಿ ಅಂತ ಖಡಾಖಂಡಿತವಾಗಿ ಹೇಳುತ್ತೇನೆ. ಸ್ವಿಮ್ಮಿಂಗ್‌ಪೂಲ್‌ಗೆ ಇಳಿಸದೆ ಈಜು ಕಲಿಸಿದ ಹಾಗೆ ಅದು.

ಕುಟುಂಬವನ್ನು ಚಿಕಿತ್ಸೆಯ ಒಳಗೆ ತರುವ ವಿಷಯದಲ್ಲಿ ನಮ್ಮ ದೇಶಕ್ಕೆ ಒಂದು ಹೆಮ್ಮೆಯ ಕಥೆ ಇದೆ. ರೋಗಿಯನ್ನು ಮನೆಯವರಿಂದ ದೂರ ಇಡುವುದೇ ಸರಿ ಅನ್ನೋ ಕಾಲ ಒಂದಿತ್ತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ಮನೆಯವರನ್ನು ರೋಗಿಯ ಜೊತೆಯಲ್ಲೇ ಇರಿಸಿದರು. ರೋಗಿಗಳು ಬೇಗ ಮನೆಗೆ ಹೋಗತೊಡಗಿದರು, ಮನೆಯವರ ಹೆದರಿಕೆಯೂ ಕಡಿಮೆಯಾಯಿತು. ಬೆಂಗಳೂರಿನಲ್ಲೂ ಅದೇ ಹಾದಿ. ಇಲ್ಲಿನ ಹುಚ್ಚಾಸ್ಪತ್ರೆಯ ಮೂಲ 1847ರಷ್ಟು ಹಿಂದಿನದು. 1925ರಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಅನ್ನೋ ಹೆಸರು ಬಂತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1974ರ ಡಿಸೆಂಬರಿನಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಇಲ್ಲಿ ಮನೆಯವರು ರೋಗಿಯ ಜೊತೆ ಇರುವುದು ರೂಢಿ, ಕುಟುಂಬಕ್ಕೆಂದೇ ಬೇರೆ ವಿಭಾಗವೂ ಇದೆ. ಸಮಾಜಕಾರ್ಯದವರಿಗೆ ಇಲ್ಲಿ ಇಷ್ಟು ಜಾಗ ಸಿಕ್ಕಿದ್ದು ಹೀಗೆ.

ಆಸ್ಪತ್ರೆಯ ಗೋಡೆ ದಾಟಿದ ಕೆಲಸವೂ ಇಲ್ಲಿಂದಲೇ ಹೊರಟಿತು. 1970ರ ದಶಕದಲ್ಲಿ ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ, ಆಮೇಲೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಮತ್ತು ಆರೋಗ್ಯ ಕಾರ್ಯಕರ್ತರಿಗೇ ಮಾನಸಿಕ ಕಾಯಿಲೆ ಗುರುತಿಸಿ ಚಿಕಿತ್ಸೆ ಕೊಡಲು ಕಲಿಸಿದರು. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದಾಗ ಮಾದರಿಯಾಗಿದ್ದು ನಮ್ಮ ಬಳ್ಳಾರಿ. ಇವತ್ತು ಜಿಲ್ಲಾ ತಂಡದಲ್ಲಿ ಸೈಕಿಯಾಟ್ರಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್, ನರ್ಸ್ ಜೊತೆ ಪಿಎಸ್‌ಡಬ್ಲ್ಯು ಹುದ್ದೆಯೂ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ ಬಗ್ಗೆ ಕೇಳಿರಬಹುದು. ಆ ಹಿರಿಯೂರಿನ ಹುಡುಗ ಪ್ರತಿ ಸಲ ಬೆಂಗಳೂರಿಗೆ ಬರುವ ಬದಲು ಹತ್ತಿರದಲ್ಲೇ ತೋರಿಸಿಕೊಳ್ಳಬಹುದಾದದ್ದು ಇಂಥ ಕಡೆ.

ಇನ್ನು ಕಾನೂನಿನ ಮಾತು. ಗೊಂದಲ ಜಾಸ್ತಿ ಇರುವುದು ಇಲ್ಲೇ, ನಿಧಾನವಾಗಿ ಓದಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಅಂದರೆ ಯಾರು ಅಂತ ಅದರಲ್ಲೇ ಬರೆದಿದೆ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಇರಬೇಕು, ಜೊತೆಗೆ ಮೇಲ್ವಿಚಾರಣೆಯ ಕ್ಲಿನಿಕಲ್ ತರಬೇತಿ ಇರುವ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್ ಇರಬೇಕು, ಇಲ್ಲವೇ ಸರ್ಕಾರ ಮುಂದೆ ನಿಗದಿ ಮಾಡುವ ಬೇರೆ ಅರ್ಹತೆ ಇರಬೇಕು. ಇಂಥವರು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡು ಮಾನಸಿಕ ಆರೋಗ್ಯ ವೃತ್ತಿಪರರು ಅನ್ನಿಸಿಕೊಳ್ಳುತ್ತಾರೆ. ಅದಕ್ಕೆ ತೂಕ ಇದೆ. ರೋಗಿಗೆ ಸ್ವಂತ ತೀರ್ಮಾನ ತೆಗೆದುಕೊಳ್ಳಲು ಆಗದ ಸ್ಥಿತಿಯಲ್ಲಿ ಆತನನ್ನು 30 ದಿನದವರೆಗೆ ದಾಖಲು ಮಾಡಿಕೊಳ್ಳಬೇಕಾದರೆ ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಬೇಕು ಅನ್ನುತ್ತದೆ ಕಾಯ್ದೆಯ 89ನೇ ಸೆಕ್ಷನ್. ಒಬ್ಬರು ಸೈಕಿಯಾಟ್ರಿಸ್ಟ್. ಇನ್ನೊಬ್ಬರು ಮಾನಸಿಕ ಆರೋಗ್ಯ ವೃತ್ತಿಪರರು ಅಥವಾ ಡಾಕ್ಟರು. ಅಂದರೆ ಒಬ್ಬ ಮನುಷ್ಯನ ಸ್ವಾತಂತ್ರ್ಯದ ಪ್ರಶ್ನೆಯಲ್ಲಿ ನಿಮ್ಮ ಸಹಿ ಬೀಳಬಹುದು. ಮೂರು ತಿಂಗಳ ಸರ್ಟಿಫಿಕೇಟ್ ಇಟ್ಟುಕೊಂಡು ಹಾಕುವ ಸಹಿ ಇದಲ್ಲ.

ಈಗ ತೊಡಕು ಬರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಂ.ಫಿಲ್ ಅನ್ನೇ ನಿಲ್ಲಿಸಬೇಕು ಅಂದಿತು. 2022ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ನಿಯಮ ಮಾಡಿ ನಿಲ್ಲಿಸಿತು. ಒಂದು ಕಡೆ ಕಾನೂನು ಎಂ.ಫಿಲ್ ಕೇಳುತ್ತದೆ, ಇನ್ನೊಂದು ಕಡೆ ಎಂ.ಫಿಲ್ಲೇ ಇಲ್ಲ. ಹೀಗಾದರೆ ತರಬೇತಿ ಪಡೆದವರು ಎಲ್ಲಿಂದ ಬರಬೇಕು? 2024ರ ಆರಂಭದಲ್ಲಿ ಯುಜಿಸಿ ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಎಂ.ಫಿಲ್‌ಗಳಿಗೆ ಮಾತ್ರ 2025-26ರ ಸಾಲಿನವರೆಗೆ ಮಾನ್ಯತೆ ವಿಸ್ತರಿಸಿತು. ಹಾಗಾಗಿ ಮುಂದೆ ಅರ್ಜಿ ಹಾಕುವವರು ಅಣ್ಣ ಅಕ್ಕಂದಿರ ಹಳೆಯ ಅನುಭವ ನಂಬಿ ಕೂರಬಾರದು. ಆ ವರ್ಷದ ಪ್ರಕಟಣೆ ತೆಗೆದು, ಕೋರ್ಸಿನ ಹೆಸರೇನು, ಅದು ಕಾಯ್ದೆಯ ಅರ್ಹತೆಗೆ ಹೊಂದುತ್ತದಾ ಅಂತ ಸಂಸ್ಥೆಯನ್ನೇ ಬರಹದಲ್ಲಿ ಕೇಳಿ.

ಮನಃಶಾಸ್ತ್ರ ಓದಿದವರ ದಾರಿ ಸ್ವಲ್ಪ ಬೇರೆ. ಕ್ಲಿನಿಕಲ್ ಸೈಕಾಲಜಿ ಬರುವುದು ಭಾರತೀಯ ಪುನರ್ವಸತಿ ಪರಿಷತ್ತಿನ ಅಡಿಯಲ್ಲಿ, ಅಲ್ಲಿ ನೋಂದಣಿ ಸಂಖ್ಯೆ ಇಲ್ಲದೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹಾಕಿಕೊಳ್ಳುವಂತಿಲ್ಲ. ಸಮಾಜಕಾರ್ಯದವರಿಗೆ ಅಂಥ ಪರಿಷತ್ತು ಬಹಳ ಕಾಲ ಇರಲಿಲ್ಲ. 2021ರಲ್ಲಿ ಬಂದ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಮನೋವೈದ್ಯಕೀಯ ಮತ್ತು ವೈದ್ಯಕೀಯ ಸಮಾಜಕಾರ್ಯಕರ್ತರನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಇದೇ ಕಾಯ್ದೆಯ ಜಾಡಿನಲ್ಲಿ 2025ರಲ್ಲಿ ಯುಜಿಸಿ ಇನ್ನೊಂದು ಮಾತು ಹೇಳಿತು: ಮನಃಶಾಸ್ತ್ರ ಸೇರಿದಂತೆ ಆರೋಗ್ಯದ ವಿಷಯಗಳನ್ನು ದೂರ ಶಿಕ್ಷಣದಲ್ಲಿ, ಆನ್‌ಲೈನ್‌ನಲ್ಲಿ ಕಲಿಸುವಂತಿಲ್ಲ. ಮನೆಯಲ್ಲೇ ಕೂತು ಸೈಕಾಲಜಿ ಎಂ.ಎ. ಮಾಡೋಣ ಅಂದುಕೊಂಡವರು ಇದನ್ನು ಗಮನಿಸಿ.

ಹಾಗಾದರೆ ಎಂ.ಎಸ್.ಡಬ್ಲ್ಯು. ಮಾತ್ರ ಇದ್ದರೆ ಈ ಕ್ಷೇತ್ರದಲ್ಲಿ ಕೆಲಸ ಇಲ್ವಾ? ಇದೆ. ಸ್ವಯಂಸೇವಾ ಸಂಸ್ಥೆಗಳು, ವ್ಯಸನಮುಕ್ತಿ ಕೇಂದ್ರಗಳು, ಹಗಲು ಆರೈಕೆ ಕೇಂದ್ರಗಳು, ಸಂಶೋಧನಾ ಯೋಜನೆಗಳು, ಇಲ್ಲೆಲ್ಲ ಎಂ.ಎಸ್.ಡಬ್ಲ್ಯು. ಆದವರು ಒಳ್ಳೆಯ ಕೆಲಸ ಮಾಡುತ್ತಿದ್ದಾರೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯಲ್ಲೂ, ಅಂದರೆ 14416ರಲ್ಲಿ, ಕರೆ ತೆಗೆದುಕೊಳ್ಳುವ ಕೌನ್ಸೆಲರ್‌ಗಳು ಬೇಕು. ಎಂ.ಫಿಲ್ ಆದವರಿಗೆ ಇವುಗಳ ಜೊತೆ ವೈದ್ಯಕೀಯ ಕಾಲೇಜು, ದೊಡ್ಡ ಆಸ್ಪತ್ರೆ, ಜಿಲ್ಲಾ ತಂಡ, ಪಾಠ ಹೇಳುವ ಕೆಲಸ, ಪಿಎಚ್.ಡಿ. ಎಲ್ಲ ತೆರೆಯುತ್ತದೆ. ಸಂಬಳದ ಬಗ್ಗೆ ನೇರವಾಗಿ ಹೇಳಬೇಕು. ಜಿಲ್ಲಾ ಕಾರ್ಯಕ್ರಮದಂಥ ಕಡೆ ಗುತ್ತಿಗೆ ನೇಮಕವೇ ಜಾಸ್ತಿ, ವರ್ಷ ವರ್ಷ ನವೀಕರಣಕ್ಕೆ ಕಾಯಬೇಕು. ಇಷ್ಟು ಭಾರದ ಕೆಲಸ ಮಾಡುವವರನ್ನು ಹೀಗೆ ಇಟ್ಟುಕೊಳ್ಳುವುದು ಅನ್ಯಾಯ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ಕಾಯಿಲೆಗೆ ತಕ್ಕಂತೆ ನೂರಕ್ಕೆ ಎಪ್ಪತ್ತರಿಂದ ತೊಂಬತ್ತು ಚಿಲ್ಲರೆ ಜನಕ್ಕೆ ಚಿಕಿತ್ಸೆಯೇ ಸಿಗುತ್ತಿಲ್ಲ. ಇಷ್ಟು ಕೊರತೆ ಇರುವಾಗ ತರಬೇತಿ ಪಡೆದವರಿಗೆ ಕಾಯಂ ಕೆಲಸ ಕೊಡಿ ಅಂತ ಗಟ್ಟಿಯಾಗಿ ಕೇಳಬೇಕು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಒಂದು ಮಾತು. ಪ್ರವೇಶ ಪರೀಕ್ಷೆ, ಪುಸ್ತಕ, ಕೇಸ್ ಪ್ರೆಸೆಂಟೇಷನ್ ಎಲ್ಲ ಇಂಗ್ಲಿಷಿನಲ್ಲೇ, ಅದಕ್ಕೆ ತಯಾರಿ ಬೇಕು. ಹೆದರಬೇಡಿ. ವಾರ್ಡಿನಲ್ಲಿ ಪರಿಸ್ಥಿತಿ ತಿರುಗುತ್ತದೆ. ಬೇರೆ ರಾಜ್ಯದಿಂದ ಬಂದ ಸಹಪಾಠಿಗಳು ಒಂದೊಂದು ಮಾತಿಗೂ ಅನುವಾದಕರನ್ನು ಹುಡುಕುವಾಗ ನೀವು ರಾಯಚೂರಿನ ಅಜ್ಜಿಯ ಜೊತೆಗೂ ಚಾಮರಾಜನಗರದ ರೈತನ ಜೊತೆಗೂ ನೇರವಾಗಿ ಮಾತಾಡುತ್ತಿರುತ್ತೀರಿ. ನಮ್ಮ ಜನ ಡಿಪ್ರೆಶನ್ ಅಂತ ಹೇಳಿಕೊಂಡು ಬರಲ್ಲ. ಎದೆ ಭಾರ, ಮೈಯೆಲ್ಲ ಜೋಮು, ಜೀವಕ್ಕೆ ಬೇಸರ, ಊಟ ಸೇರಲ್ಲ ಅಂತ ಬರುತ್ತಾರೆ. ಅದರ ಹಿಂದೆ ಏನಿದೆ ಅಂತ ಕೇಳಿ ತಿಳಿಯುವವರು ಬೇಕು.

ಸೇರುವ ಮುನ್ನ ಸಂಸ್ಥೆಗೆ ಹೋಗಿ ಈಗ ಓದುತ್ತಿರುವವರನ್ನು ಹಿಡಿದು ಕೇಳಿ. ವಾರಕ್ಕೆ ಎಷ್ಟು ಸಲ ಸೂಪರ್‌ವಿಷನ್ ನಡೆಯುತ್ತದೆ? ಮೇಲ್ವಿಚಾರಕರು ಸ್ವತಃ ರೋಗಿಗಳನ್ನು ನೋಡುತ್ತಾರಾ, ಅಥವಾ ಪಾಠ ಮಾತ್ರ ಹೇಳುತ್ತಾರಾ? ಮನೆ ಭೇಟಿಗೆ ಬಸ್ ಖರ್ಚು ಯಾರದು? ರೋಗಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡಾಗ ಆ ಕೇಸ್ ನೋಡುತ್ತಿದ್ದ ವಿದ್ಯಾರ್ಥಿಯ ಜೊತೆ ಯಾರು ಕೂತು ಮಾತಾಡಿದರು? ಕೊನೆಯ ಪ್ರಶ್ನೆ ಕೇಳಲು ಸಂಕೋಚ ಆಗುತ್ತದೆ, ಆದರೂ ಕೇಳಿ. ಅದಕ್ಕೆ ತಕ್ಷಣ ಉತ್ತರ ಬರುವ ಜಾಗದಲ್ಲಿ ಸೀಟು ಸಿಕ್ಕರೆ ಬಿಡಬೇಡಿ.